ಮೂರನೆಯ ಕೈ

ಹಿಂದೆ ಹನ್ನೆರಡು ಬೊಂಬೆ, ಒಂದಕ್ಕೂ ತಲೆಯಿಲ್ಲ.
ಕೈಗಳನ್ನು ಬೇರೆ ಗೋಣಿಯಲ್ಲಿ ತುಂಬಿಕೊಟ್ಟಿದ್ದರು,
ಸೌತೆಕಾಯಿಯ ಹಾಗೆ.
ಹಡಪಸರದ ಮಾಲು, ಎರಡನೆಯ ಮಹಡಿಯ ಸೀರೆ ಅಂಗಡಿ,
ಹಳೆಯ ಬೊಂಬೆ ಭೋಸರಿಗೆ, ಮರುಮಾರಾಟಕ್ಕೆ.
ಹೇರಿದ್ದಾಗಿತ್ತು. ಸಹಿ ಒಂದು ಬಾಕಿ.
ಹತ್ತು ನಿಮಿಷವೆಂದು ಹತ್ತಿದೆ. ಲಿಫ್ಟು ಕೆಟ್ಟಿತ್ತು.
ಹದಿನೇಳಾಯಿತು.

ಬಂದು ನೋಡಿದರೆ ಮುಂದಿನ ಗಾಲಿಗೆ
ಹಳದಿ ಕಬ್ಬಿಣದ ಕಡಗ.
ವೈಪರಿನ ಕೆಳಗೆ ಚೀಟಿ: ದಂಡ ಏಳುನೂರು.
ಮೇಲೆ ಸಿಂಹದಂಥದೇನೋ ಮುದ್ರೆ,
ಕಣ್ಣು ಕಿರಿದು ಮಾಡಿ ನೋಡಿದರೆ
ಅದು ಬೆಕ್ಕು.

ಮೊದಲ ಸಲ ಇಂಥದು ಬಂದಾಗ, ಖರಾಡಿಯಲ್ಲಿ,
ಕೈ ನಡುಗುತ್ತ ಎಣಿಸಿ ಕೊಟ್ಟಿದ್ದೆ.
ಪೊಲೀಸರದೇ ರಸೀದಿಯೆಂದು ನಂಬಿ ವರ್ಷವಿಡೀ
ಆರ್‌ಸಿ ಪುಸ್ತಕದ ಜೊತೆ ಮಡಿಚಿಟ್ಟಿದ್ದೆ.
ಶಿವಾಜಿನಗರ ಕೋರ್ಟಿನೆದುರು ಚಹದಂಗಡಿಯಲ್ಲಿ
ನಿವೃತ್ತ ಬೇಲೀಫ ತಡಕೋಡ ಕಾಕಾ
ಅದನ್ನು ಬೆಳಕಿಗೆ ಹಿಡಿದು,
ಬಸಿಯ ಚಹ ಸೊರ್ರೆಂದು ಹೀರಿ ಅಂದಿದ್ದ:
"ಇದು ದಂಡ ಅಲ್ಲವ್ವ, ಬೇಡಿಕೆ.
ಬೇಡಾಂವ ಬೇಡಲಿ.
ಬೇಡಿ ಹಾಕಾಂವ ಯಾರು, ಅದನ್ನ ಕೇಳು."

ಅವತ್ತಿನಿಂದ ಆ ಮಾತು
ಬಾಯಲ್ಲಿ ಲವಂಗದ ಹಾಗಿದೆ.
ಇವತ್ತು ಅಗಿಯುವ ದಿನ.

ಹೊಳೆಯುವ ಜಾಕೀಟಿನ ಹುಡುಗ ಬಂದ. ಜಾಕೀಟು ಅವನದಲ್ಲ,
ಭುಜ ಮೊಣಕೈವರೆಗೆ ಇಳಿದಿತ್ತು.
"ಮ್ಯಾಡಮ್, ಪೈಸೆ ಭರಾ."
ಬೋರ್ಡೆಲ್ಲಿ, ಅಂದೆ, ನಾನೂ ಮರಾಠಿಯಲ್ಲೇ.
ತೋರಿಸಿದ. ದೀಪಾವಳಿ ರಿಯಾಯಿತಿಯ ಬ್ಯಾನರಿನ ಹಿಂದೆ
ಅಂಗೈಯಗಲದ ತಗಡು; ಅಕ್ಷರ ಸಾಸಿವೆ.
ಫೋಟೊ ತೆಗೆದೆ. ಬ್ಯಾನರಿನದು, ತಗಡಿನದು, ಕಡಗದ್ದು,
ತಲೆಯಿಲ್ಲದ ಹನ್ನೆರಡು ಸಾಕ್ಷಿಗಳದ್ದೂ.

ಚೀಟಿ ಅವನ ಕೈಗೇ ಕೊಟ್ಟೆ:
ನಿನ್ನ ಹೆಸರು ಬರಿ. ಕಂಪನಿಯ ವಿಳಾಸ ಬರಿ.
ಯಾವ ಕಾಯ್ದೆ, ಯಾವ ಕಲಮು, ಅದನ್ನೂ.
ನಿಂತ ಹೊತ್ತಿಗೆ ಬಾಡಿಗೆ ನಲವತ್ತು, ಕೊಡುತ್ತೇನೆ, ಅದು ನ್ಯಾಯ.
ಗಾಲಿ ಕಟ್ಟಲು ಯಾರು ಹೇಳಿದರು, ಕಾಗದ ತೋರಿಸು.
ಇಲ್ಲವೋ, ಪೊಲೀಸರನ್ನು ನಾನೇ ಕರೆಯುತ್ತೇನೆ.

ಪೆನ್ನು ಕಾಗದದ ಮೇಲೆ ನಿಂತಿತು.
'ಅಧಿಕಾರಿಯ ಸಹಿ' ಎಂಬಲ್ಲಿ
ಒಂದು ನೀಲಿ ಚುಕ್ಕೆ, ಅಷ್ಟೇ.
ಜೇಬು ತಡಕಿದ, ಇನ್ನೊಂದು ಜೇಬು, ಬಗ್ಗಿ ಗಾಡಿಯ ಕೆಳಗೆ,
ತನ್ನಷ್ಟಕ್ಕೇ ಗೊಣಗಿದ:
"ಎಲ್ಲಿ ಸತ್ತತಲೇ ಈ ಕೀಲಿ..."

ನನ್ನ ಕಾನೂನೆಲ್ಲ ಗಂಟಲಲ್ಲೇ ನಿಂತಿತು.
"ಯಾವೂರಪಾ?"
"ಅಕ್ಕಲಕೋಟ ಹಂತ್ಯಾಕ, ಅಕ್ಕಾ. ಮಳಸಿದ್ಧ ಅಂತಾರ."
ಮ್ಯಾಡಮ್ ಎಲ್ಲೋ ಉದುರಿಹೋಗಿದ್ದಳು.
ದಿನಕ್ಕೆ ಹದಿನೈದು ಚೀಟಿ ಹರಿಯಬೇಕಂತೆ.
ಕಡಿಮೆ ಬಿದ್ದರೆ ಒಂದೊಂದಕ್ಕೆ ಐವತ್ತು, ಪಗಾರದಲ್ಲಿ ಕಡಿತ.
"ಇವತ್ತ ಹನ್ನೊಂದ ಆಗ್ಯಾವ. ನಿಮ್ದು ಹನ್ನೆರಡನೇದ ಆಗ್ತಿತ್ತು."

ಕೊಟ್ಟುಬಿಡಲೇ ಅನಿಸಿತು. ಸುಳ್ಳೇಕೆ, ಅನಿಸಿತು.
ಡೀಸೆಲ್ಲಿಗಿಟ್ಟ ನೋಟು ಬೆರಳಿಗೂ ತಾಗಿತು.
"ಮಳಸಿದ್ಧ, ಈ ಏಳುನೂರರಾಗ ನಿನಗ ಬರೋದೆಷ್ಟು?"
ಕೀಲಿ ಕಾಲ್ಚೀಲದಲ್ಲಿ ಸಿಕ್ಕಿತ್ತು. ಅವನು ಕುಕ್ಕರಗಾಲಲ್ಲಿ ಕೂತು
ಕಡಗ ಬಿಚ್ಚುತ್ತಿದ್ದ. ಮಾತಿಲ್ಲ.
"ಪಗಾರ ಕಡದಾಗ ನೀನೂ ಕೇಳು, ಯಾವ ಕಾಯ್ದೆ ಅಂತ.
ಬರದ ಕೊಡು ಅನ್ನು."
"ಕೇಳಿದ್ರ, ಅಕ್ಕಾ, ನಾಳೆ ಈ ಜಾಕೀಟ ಬ್ಯಾರೇದವಗ."

ನಲವತ್ತು ಕೊಟ್ಟೆ, ರಸೀದಿ ಬರೆಸಿಕೊಂಡೆ.
ಗೇಟು ದಾಟಿದೆ. ಗೆದ್ದೆನೋ ಏನೋ,
ಅಗಿದು ಮುಗಿದ ಲವಂಗ
ನಾಲಿಗೆಯ ತುದಿಗೆ ಚುರುಗುಡುತ್ತಿತ್ತು.

ಕನ್ನಡಿಯಲ್ಲಿ ಅವನು ಓಡಿ ಬರುತ್ತಿದ್ದ,
ಕೈ ಮೇಲೆತ್ತಿ, ನಿಲ್ಲು ಎನ್ನುವಂತೆ.
ಕಾಲು ಮೊದಲು ಆಕ್ಸಿಲರೇಟರನ್ನೇ ಒತ್ತಿತು,
ಹಳೆಯ ಹೆದರಿಕೆ.
ಆಮೇಲೆ ಎಣಿಸಿದೆ: ಒಂದು, ಎರಡು,
ಮೂರು.
ಮೂರನೆಯದು ಬಿಳಿ, ಪ್ಲಾಸ್ಟಿಕ್ಕಿನದು,
ಗೋಣಿಯಿಂದ ಜಾರಿದ್ದು.

ಬ್ರೇಕು ಹಾಕಿದೆ.