ಕಳೆದದ್ದು ಅರವತ್ತೈದು ಸಾವಿರ

ಮೊದಲು ಬ್ರೇಕಿನ ಪೆಡಲ್ಲು ನೋಡು, ಮೀಟರಲ್ಲ.
ರಬ್ಬರು ಸವೆದು ಕಬ್ಬಿಣ ಹಲ್ಲು ಕಿರಿದಿದ್ದರೆ
ಕಾರು ಓಡಿದೆ, ಮಾರುವವನ ಬಾಯಿ ಏನೇ ಹೇಳಲಿ.
ಡ್ರೈವರ್ ಸೀಟಿನ ಬಲ ಅಂಚು,
ಸೀಟ್ ಬೆಲ್ಟಿನ ಎದ್ದ ನೂಲು,
ಸ್ಟೇರಿಂಗಿನ ಮೇಲೆ ಅಂಗೈ ತೀಡಿದ ಹೊಳಪು,
ಇವಕ್ಕೆಲ್ಲ ಸುಳ್ಳು ಕಲಿಸಲು ಯಾರಿಗೂ ಪುರುಸೊತ್ತಿಲ್ಲ.

ಹೀಗೆ ಹೊನ್ನಮ್ಮನಿಗೆ ಪಾಠ ಹೇಳುತ್ತ ಸ್ಕೂಟರು ಬಿಟ್ಟೆ
ನಿಟ್ಟುವಳ್ಳಿಯಿಂದ ಪಿ.ಬಿ. ರೋಡಿನವರೆಗೆ.
ಅವಳ ತೊಡೆಯ ಮೇಲೆ ಖಾಲಿ ಡಬ್ಬಿ.
ವಿದ್ಯಾನಗರದ ನಾಲ್ಕು ಹಾಸ್ಟೆಲ್ಲಿಗೆ
ದಿನಕ್ಕೆ ಇನ್ನೂರಿಪ್ಪತ್ತು ಖಡಕ್ ರೊಟ್ಟಿ.
ಹಂಪು ಹಾರಿದಾಗಲೆಲ್ಲ ಒಂದೆರಡು ಮುರಿಯುತ್ತವೆ,
ಮುರಿದದ್ದಕ್ಕೆ ಮೆಸ್ಸಿನವರು ದುಡ್ಡು ಕೊಡೋದಿಲ್ಲ.
ಅದಕ್ಕೇ ಕಾರು.

ಎಲ್‌ಐಸಿ ಗೋಣೆಪ್ಪನವರ ಬಿಳಿ ವ್ಯಾಗನಾರ್.
"ಹೂವಿನಂಗ ಇಟ್ಕಂಡೀನಿ ನೋಡ್ರಿ,
ಐವತ್ತೆರಡು ಸಾವಿರ ಅಷ್ಟೇ ಓಡೈತಿ,
ಲೀಟರಿಗೆ ಇಪ್ಪತ್ತು ಗ್ಯಾರಂಟಿ."
ಇಪ್ಪತ್ತು ಹೌದು: ಎಸಿ ಹಾಕದೆ, ಒಬ್ಬನೇ ಕೂತು,
ಬಾತಿ ಗುಡ್ಡದ ಇಳಿಜಾರಲ್ಲಿ.
ಏರಿಗೆ ಹೊಡೆದು ನೋಡಿದೆ. ಮೂರನೇ ಗೇರಲ್ಲಿ ಗೊಣಗಲಿಲ್ಲ.
ಸ್ಕ್ರೂಡ್ರೈವರಿನ ಹಿಡಿ ಕಿವಿಗೆ, ತುದಿ ಇಂಜಿನ್ನಿಗೆ;
ಒಳಗೆ ಟ್ಯಾಪೆಟ್ಟು ಸಣ್ಣಗೆ ಟಿಕಟಿಕ, ಅಷ್ಟೇ.

ಫೈನಾನ್ಸಿನ ಹುಡುಗ ರುದ್ರೇಶ ಕ್ಯಾಲ್ಕುಲೇಟರು ತೋರಿಸಿದ:
ಎರಡು ಲಕ್ಷದ ಇಪ್ಪತ್ತು ಸಾವಿರ, ನಾಲ್ಕು ವರ್ಷ,
ನೂರಕ್ಕೆ ಹನ್ನೊಂದು.
"ಫ್ಲಾಟಾ?" ಅಂದಳು ಹೊನ್ನಮ್ಮ.
ಹುಡುಗ ಪೆನ್ನಿನ ಮುಚ್ಚಳ ಹಾಕಿದ, ತೆಗೆದ.
ತೀರಿಸಿದ ಅಸಲಿಗೂ ಕೊನೆಯ ತಿಂಗಳವರೆಗೆ ಬಡ್ಡಿ.
ಕಂತು ಆರು ಸಾವಿರದ ಆರುನೂರು.
ರೊಟ್ಟಿಗೆ ಉಳಿಯೋದು ಎರಡು ರೂಪಾಯಿ:
ತಿಂಗಳಲ್ಲಿ ಹದಿನೈದು ದಿನ ಇವಳು ಬಡಿದದ್ದು ಅವರಿಗೆ,
ಹದಿನೈದು ದಿನದ್ದು ನಮಗೆ.
ಸೊಸೈಟಿಯಲ್ಲಿ ಬಡ್ಡಿ ಕಮ್ಮಿ, ಆದರೆ ಇಬ್ಬರು ಜಾಮೀನು ಬೇಕು.
ನನಗೆ ಜಾಮೀನು ನಿಲ್ಲುವವರು...
ಬಿಡು.

ಸಹಿಗೆ ಮೊದಲು ಇನ್ನೊಮ್ಮೆ ಒಳಗೆ ಕೂತು
ಟಾರ್ಚು ಹಿಡಿದೆ ಮೀಟರಿನ ಸಂದಿಗೆ.
ಎಡಗಡೆ ಕಿವಿ ಮುರಿದಿತ್ತು.
ಮೇಲೆ ಫೆವಿಕ್ವಿಕ್ಕು, ಬೆಳ್ಳಗೆ, ನನ್ನ ಹೆಬ್ಬೆರಳಿನ ಗುರುತು ಸಮೇತ.

ನಾಲ್ಕು ವರ್ಷದ ಕೆಳಗೆ, ಹರಿಹರದ ಒಂದು ಶೆಡ್ಡು, ರಾತ್ರಿ.
ಬಿಚ್ಚುವಾಗ ಕಿವಿ ಪಟ್ಟನೆ ಮುರಿದು,
"ಹಾಲೇಶಿ, ಬೇಗ" ಅಂತ ಯಾರೋ ಬೈದದ್ದು.
ಚಿಪ್ಪಿಗೆ ಕ್ಲಿಪ್ಪು ಹಾಕಿ ಲ್ಯಾಪ್‌ಟಾಪಿನಲ್ಲಿ ಅರವತ್ತೈದು ಸಾವಿರ ಕಳೆದೆ.
ಎಲ್ಲಿಗೆ ಹೋದವು ಆ ಕಿಲೋಮೀಟರು ಅಂತ
ಆವತ್ತು ಯೋಚಿಸಿರಲಿಲ್ಲ.
ಗೋಣೆಪ್ಪನವರು ಅದನ್ನೇ ನಂಬಿ ಕೊಂಡಿದ್ದಾರೆ,
ಅದನ್ನೇ ನಂಬಿ ಮಾರುತ್ತಿದ್ದಾರೆ. ಪಾಪ, ಸುಳ್ಳಾಡುತ್ತಿಲ್ಲ.

ಹೇಳಿದರೆ ಬೆಲೆ ನಲವತ್ತು ಸಾವಿರ ಇಳಿಯುತ್ತೆ,
ನಾನು ಮಾಡಿದ ಮೋಸಕ್ಕೆ ನನಗೇ ಲಾಭ.
ಹೇಳದಿದ್ದರೆ ನನ್ನ ಸುಳ್ಳನ್ನು ನಾನೇ
ಬಡ್ಡಿ ಸಮೇತ ನಲವತ್ತೆಂಟು ಕಂತಿನಲ್ಲಿ ಕೊಂಡಂಗೆ.

ನಾಳೆ ಬರ್ತೀವಿ ಅಂತ ಎದ್ದೆ.
ಅಶೋಕ ಟಾಕೀಸಿನ ಗೇಟು ಬಿದ್ದಿತ್ತು.
ಸ್ಕೂಟರು ಆಫ್ ಮಾಡಿ, ಹಿಂದೆ ತಿರುಗದೆ, ಹೊನ್ನಮ್ಮನಿಗೆ ಹೇಳಿದೆ.
ಗೂಡ್ಸು ಗಾಡಿ ಮುಗಿಯುವವರೆಗೂ ಅವಳು ಮಾತಾಡಲಿಲ್ಲ.
ಆಮೇಲೆ: "ಆವತ್ತು ಎಷ್ಟು ಕೊಟ್ಟಿದ್ದರು?"
"ಒಂದೂವರೆ ಸಾವಿರ."
"ಏಳುನೂರೈವತ್ತು ರೊಟ್ಟಿ," ಅಂದಳು.
ಗೇಟು ಎದ್ದಿತು. ಹಿಂದಿನವರು ಹಾರ್ನು ಹೊಡೆದರು.
"ಇಂಜಿನ್ನಾದರೂ ಖರೇನ?"
"ಇಂಜಿನ್ನು ಖರೇ."

ಹೇಳಿದ ರೇಟಿಗೇ ತಗೊಂಡೆವು.
ಗೋಣೆಪ್ಪನವರಿಗೆ ಗುಮಾನಿ ಬಂದು
ಕಾರಿನ ಸುತ್ತ ಎರಡು ಸುತ್ತು ಹಾಕಿದರು:
"ಚೌಕಾಸಿನೂ ಮಾಡಲಿಲ್ಲಲ್ರಿ!"
ಕೊನೆಗೆ ಅವರೇ ಮನಸ್ಸು ತಡೆಯದೆ
ಹೊಸ ವೈಪರಿಗೆ ಅಂತ ಐನೂರು ವಾಪಸ್ಸು ಕೊಟ್ಟರು.
ಈಸಿಕೊಂಡೆ. ಅದನ್ನೂ ಹೇಳಬೇಕಲ್ಲ.

ಬಾಗಿಲ ಒಳಮೈಗೆ ಆಯಿಲ್ ಚೇಂಜಿನ ಚೀಟಿ ಅಂಟಿಸಿ
ಸ್ಕೆಚ್ ಪೆನ್ನಿನಲ್ಲಿ ಖರೇ ಲೆಕ್ಕ ಬರೆದೆ:
ಒಂದು ಲಕ್ಷದ ಹದಿನೇಳು ಸಾವಿರದ ಮುನ್ನೂರು.
ಬೆಳಿಗ್ಗೆ ಹೊನ್ನಮ್ಮ ಮೊದಲು ಅದನ್ನು ಓದುತ್ತಾಳೆ,
ಆಮೇಲೆ ಡಬ್ಬಿ ಒಳಗಿಡುತ್ತಾಳೆ.

ನಿನ್ನೆ ಮುರಿದದ್ದು ಮೂರೇ.