ಹೆಬ್ಬೆಟ್ಟು

ಗಾದಿ ಬಡಿಯುತ್ತಿದ್ದಾರೆ ಅಂದುಕೊಂಡಿದ್ದೆ.
ಬಳ್ಳಾರಿ, ಕೌಲ್‌ಬಜಾರಿನ ಸಂದಿ, ಕರೆಂಟು ಹೋದ ಮಧ್ಯಾಹ್ನ.
ಮಷೀನುಗಳೆಲ್ಲ ಬಾಯಿ ಮುಚ್ಚಿದ ಮೇಲೆ ಕೇಳಿಸಿತು:
ಧಪ್. ಧಪ್‌ಧಪ್. ತಡೆದು, ಧಪ್.
ಹತ್ತಿ ಹಿಂಜುವವರ ಕೈಗೆ ಇಷ್ಟು ಸಿಟ್ಟಿರುವುದಿಲ್ಲ,
ಇಷ್ಟು ಲೆಕ್ಕವೂ.

ಹಳೇ ಜಿನ್ನಿಂಗ್ ಮಿಲ್ಲಿನ ಗೋದಾಮು, ತಗಡಿನ ಸೂರು,
ತೊಲೆಗೆ ಜೋತುಬಿದ್ದ ಮರಳಿನ ಚೀಲ.
ಎರಡು ಜಡೆಯ ಹುಡುಗಿಯೊಬ್ಬಳು
ಮಗ್ಗಿ ಒಪ್ಪಿಸುವಷ್ಟು ಸಲೀಸಾಗಿ ಅದನ್ನು ಗುದ್ದುತ್ತಿದ್ದಳು.

ನನಗೆ ಇಪ್ಪತ್ತನಾಲ್ಕು.
ದಿನಕ್ಕೆ ಇನ್ನೂರು ಜೀನ್ಸಿಗೆ ಹಿಂಜೇಬು ಹೊಲಿಯುವವಳು.
ಓಡಿ ಬಸ್ಸು ಹಿಡಿದದ್ದೂ ಇಲ್ಲ.

ಜಿಲಾನಿ ಸರ್ ಹೆಸರು ಕೇಳಿದರು. ಹುಲಿಗೆಮ್ಮ, ಅಂದೆ.
"ಹೆಸರಲ್ಲೇ ಅರ್ಧ ಕೆಲಸ ಆಗೈತೆ.
ಇನ್ನರ್ಧಕ್ಕ ಮುಷ್ಟಿ ಕಟ್ಟು, ನೋಡಾಣ."
ಕಟ್ಟಿದೆ, ಹೆಬ್ಬೆರಳನ್ನು ಒಳಗೆ ಬಚ್ಚಿಟ್ಟು,
ಸಂತೆಗೆ ಹೊರಟ ಮಗು ಹತ್ತರ ನೋಟು ಹಿಡಿದ ಹಾಗೆ.
"ಹಂಗ ಹೊಡೆದ್ರೆ ಮುರಿಯೋದು ನಿಂದೇ ಬೆರಳು.
ಹೆಬ್ಬೆಟ್ಟು ಹೊರಗ."

ಒಂದು ತಿಂಗಳು ಬರೀ ನಿಲ್ಲುವುದನ್ನು ಕಲಿತೆ.
ಎಡಗಾಲು ಮುಂದೆ, ಬಲ ಹಿಮ್ಮಡಿ ನೆಲ ಬಿಟ್ಟು.
ಹಿಮ್ಮಡಿ ಎತ್ತುವುದು ಗೊತ್ತಿತ್ತು, ಆರು ವರ್ಷ ಪೆಡಲ್ ಮೇಲಿದ್ದವಳು.
ಗದ್ದ ತಗ್ಗಿಸುವುದೂ ಗೊತ್ತಿತ್ತು.
ತಗ್ಗಿಸಿ, ಕಣ್ಣು ಮಾತ್ರ ಮೇಲೆತ್ತಿ ಎದುರಿನವರನ್ನು ನೋಡು ಎಂದಾಗ
ಕುತ್ತಿಗೆಗೇ ಗಲಿಬಿಲಿಯಾಯಿತು.

ಕೈಗೆ ಸುತ್ತುವ ಬಿಳೀ ಪಟ್ಟಿ ಎರಡೇ ದಿನಕ್ಕೆ ನೀಲಿ.
ಬೆವರಿದರೆ ನನ್ನ ಅಂಗೈ ಇನ್ನೂ ಬಣ್ಣ ಬಿಡುತ್ತದೆ.
"ಅಕ್ಕನ ಕೈ ವಿಷ ಕುಡಿದೈತೆ," ಹುಡುಗರು ನಕ್ಕವು.
ಹರಿದ ಗ್ಲೌಸುಗಳನ್ನೆಲ್ಲ ಯುನಿಟ್ಟಿಗೊಯ್ದು
ಜೀನ್ಸಿನ ಸೂಜಿಯಲ್ಲಿ ಹೊಲಿದು ತಂದೆ.
ಆಮೇಲೆ ನಗಲಿಲ್ಲ.

ಮೂರು ನಿಮಿಷ ಎಂದರೆ ಎರಡು ಜೇಬು.
ಸುಣ್ಣದಲ್ಲಿ ಎಳೆದ ಚೌಕದೊಳಗೆ ಆ ಲೆಕ್ಕ ನಡೆಯಲಿಲ್ಲ.
ಎದುರಿಗೆ ಎರಡು ಜಡೆಯ ಸಬೀಹಾ, ಏಳನೇ ಕ್ಲಾಸು,
ನನ್ನ ಭುಜದಷ್ಟೇ ಎತ್ತರ.
ಉಸಿರು ಎಲ್ಲೋ ಬಾಗಿಲ ಹೊರಗೆ ಚಪ್ಪಲಿ ಜತೆ ಉಳಿದಿತ್ತು.
ಹೇಗೋ ನನ್ನ ಎಡಗೈ ಹೋಗಿ ಅವಳ ಕೆನ್ನೆಗೆ ತಾಗಿತು.
"ಸಾರಿ," ಅಂದೆ.
ಅನ್ನುವಷ್ಟರಲ್ಲಿ ಕೈ ಕೆಳಗಿತ್ತು, ತುಟಿ ಒಡೆದಿತ್ತು.

ಸರ್ ಬೈಯಲಿಲ್ಲ. ನೀರಿನ ಬಾಟಲಿ ಕೊಟ್ಟರು.
"ಹೊಡೆದ ಕೈ ಮನೀಗೆ ಬರಬೇಕು. ಮನಿ ಅಂದ್ರೆ ಗದ್ದ.
ದಾರ್ಯಾಗ ಕ್ಷಮಾ ಕೇಳ್ತಾ ನಿಂದರಬಾರದು."

ಎಷ್ಟು ಸಲ ನಿಂತಿದ್ದೆನೋ.
ದಾರ ಕಡಿದದ್ದಕ್ಕೆ, ಕಂಡಕ್ಟರಿಗೆ ಚಿಲ್ಲರೆ ಇಲ್ಲದ್ದಕ್ಕೆ,
ಒಮ್ಮೆ, ಕಾಲು ತುಳಿದವನಿಗೆ ನಾನೇ.

ಅವ್ವ ಪಡಸಾಲೆಯಲ್ಲಿ ಪ್ಯಾಂಟುಗಳ ಎಳೆ ಕತ್ತರಿಸುತ್ತ ಕೂತಿದ್ದಳು,
ಸುತ್ತ ನೀಲಿ ಗುಡ್ಡ.
ತುಟಿ ನೋಡಿದಳು. ಕತ್ತರಿ ನಿಂತಿತು.
"ಯಾರೇ ಹೊಡೆದಿದ್ದು?"
"ಏಳನೇ ಕ್ಲಾಸಿನ ಹುಡುಗಿ."
ಮೊದಲು ಸುಮ್ಮನಿದ್ದಳು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು
ಕಣ್ಣಲ್ಲಿ ನೀರಾಡುವಷ್ಟು ನಕ್ಕಳು. ಅರಿಷಿಣ ಹಚ್ಚುವಾಗಲೂ
ಬೆರಳು ನಗುತ್ತಲೇ ಇತ್ತು.

ರಾತ್ರಿ ದೀಪ ಆರಿಸುವ ಮುಂಚೆ, ಗೋಡೆ ಕಡೆ ನೋಡುತ್ತ,
"ಹೆಂಗ ಕಟ್ತಾರ ಅದನ್ನ?"
ಕಟ್ಟಿಯೂ ಬಿಟ್ಟಳು. ಹೆಬ್ಬೆಟ್ಟು ಒಳಗೆ.
ಸಂಘದ ಸಾಲಕ್ಕೆ ಒತ್ತಿ, ಎಳೆ ಎಳೆದೆಳೆದು ಗೆರೆ ಸವೆದು,
ರೇಷನ್ ಅಂಗಡಿಯ ಮಷೀನು ಪ್ರತಿ ತಿಂಗಳೂ
ಯಾರಿವಳು ಎಂದು ಕೇಳುವ ಹೆಬ್ಬೆಟ್ಟು.

ಒಂದೊಂದೇ ಬೆರಳು ಬಿಡಿಸಿ ಅದನ್ನು ಹೊರಗೆ ತಂದೆ,
ಎರಡು ಬೆರಳ ಮೇಲೆ ಅಡ್ಡ ಮಲಗಿಸಿದೆ.
ನನ್ನ ಅಂಗೈ ಒಡ್ಡಿದೆ.
ಹೊಡೆದಳು. ಹೊಡೆದು, ಅಲ್ಲೇ ಕೈ ಬಿಟ್ಟುಕೊಂಡು,
"ನೋವಾತೇನು?"

"ಕೈ ಮನೀಗೆ ತಾ, ಅವ್ವಾ," ಅಂದೆ.
"ಇನ್ನೊಮ್ಮೆ."