ಮೂರೇ ಕಾಲು

ದಾರದ ತುದಿ ಹಲ್ಲಲ್ಲಿ ಕಚ್ಚಿಕೊಂಡೇ
ಕೇಳಿದ್ದರು ಮಿಸೆಸ್ ಲಿಯಾಂಗ್,
ಇನ್‌ಫೆಂಟ್ರಿ ರೋಡಿನ ಮಹಡಿ ಪಾರ್ಲರಿನಲ್ಲಿ,
ಹುಟ್ಟಿದ್ದು ಯಾವ ವರ್ಷ?
ಅರವತ್ತಮೂರು, ಅಂದೆ. ಶೋಭಕೃತ್ ಸಂವತ್ಸರ,
ಜಾತಕ ಬರೆದವರ ಪ್ರಕಾರ ಮುಂಗೋಪಿ.
ಅಲ್ಲ, ನೀನು ಮೊಲ, ಅಂದರು.
ಕಣ್ಣಲ್ಲಿ ನೀರು ಬಂದದ್ದು ಹುಬ್ಬಿನ ದೆಸೆಯಿಂದ.

ಆಗ ನಾನು ಜಿಪಿಓದಲ್ಲಿ ಸಾರ್ಟಿಂಗು.
ತಿಪಟೂರು, ತರೀಕೆರೆ, ತಾಳಿಕೋಟೆ
ಗೂಡುಗೂಡಿಗೆ ಎಸೆಯುವ ಕೆಲಸ;
ಕೈಗೆ ಊರುಗಳ ಪರಿಚಯ, ಕಾಲಿಗಿಲ್ಲ.
ಒಂದು ಮಧ್ಯಾಹ್ನ ಪೌಡರ್ ಡಬ್ಬಿಯ ಮುಚ್ಚಳದಲ್ಲಿ
ನನಗೆಂದು ಕಾದಿತ್ತು ಎಂಬತ್ತೇಳರ ಮೊಲ,
ಹಾಂಗ್‌ಕಾಂಗಿನ ಅಣ್ಣನ ಲಕೋಟೆಯಿಂದ ಹರಿದದ್ದು.

ಅಲ್ಲಿಂದ ಶುರು.
ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು,
ಮೊಲ ಕಾಗದ ಬಿಟ್ಟು ತೇಲುವ ತನಕ
ಸಾರು ಉಕ್ಕಿದರೂ ಏಳುವಂತಿಲ್ಲ.
ಒಣಗಿಸಲು ಹಳೆ ಪಂಚಾಂಗದ ಹಾಳೆ,
ಭಾರಕ್ಕೆ ಒಬ್ಬಟ್ಟಿನ ಮಣೆ.
ವಿಯೆಟ್ನಾಮಿನವರ ಲೆಕ್ಕದಲ್ಲಿ ಮೊಲದ ಜಾಗಕ್ಕೆ ಬೆಕ್ಕು:
ಅದನ್ನೂ ಅದೇ ಪುಟದಲ್ಲಿ ಇರಿಸಿ
ರಾತ್ರಿ ಆಲ್ಬಂ ಮುಚ್ಚುವಾಗ ಸ್ವಲ್ಪ ಅಂಜಿದೆ.

ಅವರ ಹಬ್ಬದ ಹುಣ್ಣಿಮೆ, ತಾರಸಿಯ ಮೇಲೆ ಜಗಳ.
ಚಂದ್ರನೊಳಗಿನ ಮೊಲ ಒರಳಲ್ಲಿ ಔಷಧಿ ಕುಟ್ಟುತ್ತಿದೆ, ಅಂದರು.
ನಮ್ಮದು ಏನೂ ಮಾಡಲ್ಲ, ಸುಮ್ನೆ ಕೂತಿದೆ, ಅಂದೆ.
ಒನಕೆ ಕಾಣಲ್ವಾ? ಕಾಣಲ್ಲ.
ಕಿವಿ? ಅದೂ ಅರ್ಧ.
ಸಾಕಾಗಿ ಗಾದೆ ಹೇಳಿಕೊಟ್ಟೆ,
ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.
ಆಮೇಲೆ ಚೌಕಾಸಿ ಮಾಡಿದ ಗಿರಾಕಿಗಳಿಗೆಲ್ಲ
ಅದನ್ನೇ ಹೇಳತೊಡಗಿದರು.

ತೊಂಬತ್ತಾರರಲ್ಲಿ ಕನ್ನಡಿ, ಕುರ್ಚಿ ಮಾರಿ ಟೊರಾಂಟೊಗೆ ಹೋದರು.
ಹನ್ನೆರಡು ವರ್ಷಕ್ಕೊಂದು ಕಾಗದ.
ತೊಂಬತ್ತೊಂಬತ್ತು, ಮೊಲ.
ಎರಡು ಸಾವಿರದ ಹನ್ನೊಂದು, ಮೊಲ ಮತ್ತು ಮೊಣಕಾಲು ನೋವು.
ನಡುವೆ ಹುಲಿ ಹಾವು ಹಂದಿ ಬಂದುಹೋದವು;
ನಮ್ಮಿಬ್ಬರಲ್ಲಿ ಅವಕ್ಕೇನು ಕೆಲಸ?

ಇಪ್ಪತ್ತಮೂರು. ಮತ್ತೆ ಶೋಭಕೃತ್.
ಅರವತ್ತು ತುಂಬಿತು, ಶಾಂತಿ ಗೀಂತಿ ಬೇಡವೆಂದೆ.
ಗೇಟಿನತ್ತ ಕಿವಿ. ಪೋಸ್ಟ್‌ಮನ್ ಶಿವಮಾದು ತಂದದ್ದೆಲ್ಲ
ಬ್ಯಾಂಕಿನದು, ಪಿಂಚಣಿಯದು.
ಕಾರ್ತಿಕದಲ್ಲಿ ಬಂತು.
ಬಲಮೂಲೆಯಲ್ಲಿ ಸ್ಟ್ಯಾಂಪಿಲ್ಲ:
ಯಂತ್ರದ ಬಿಳಿ ಚೀಟಿ, ಕಪ್ಪು ಗೀಟು, ಡಾಲರಿನ ಮೊತ್ತ.
ಮೂವತ್ತೆಂಟು ವರ್ಷ ವಿಂಗಡಿಸಿದವಳಿಗೆ
ಇದು ಯಾವ ಗೂಡಿನದೆಂದು ತಿಳಿಯಲಿಲ್ಲ.

ಕನ್ನಡಕ ಒರೆಸಿಕೊಂಡೆ.
ಚೀಟಿಯ ಮೇಲಂಚಿಗೆ ನೀಲಿ ಬಾಲ್‌ಪೆನ್ನಿನ ಎರಡು ಕಿವಿ,
ಬದಿಗೆ ಬೆನ್ನು, ನಡುಗುವ ಗೆರೆ.
ಸುತ್ತ ಚುಕ್ಕಿಯಿಟ್ಟು ಸ್ಟ್ಯಾಂಪಿನ ಹಲ್ಲನ್ನೂ ಬರೆದಿದ್ದಾರೆ.
ಕೌಂಟರಿನ ಯಾವನೋ ನೋಡದೆ
ಹಿಂಗಾಲೊಂದರ ಮೇಲೆ ಚೀಟಿ ಒತ್ತಿದ್ದಾನೆ.

ಎಬ್ಬಿಸಬಹುದಿತ್ತು, ಕೈಗೆ ಗೊತ್ತು ಆ ಕೆಲಸ.
ಒಲೆಗಿಟ್ಟ ಬೋಗುಣಿ ಇಳಿಸಿದೆ.
ಒಳಗಿನ ಕಾಗದ ಇನ್ನೂ ಓದಿಲ್ಲ.
ಎಣಿಸಿದೆ, ಬೆಳಕಿಗೆ ಹಿಡಿದು ಇನ್ನೊಮ್ಮೆ ಎಣಿಸಿದೆ.
ಮೂರೇ.